ಅಧ್ಯಕ್ಷರನ್ನು ಊರೇ ಆರಿಸಲಿ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆ ನಗರಸಭೆಗೆ 2019ರ ನವೆಂಬರ್ 12ರಂದು ಮತದಾನ ನಡೆಯಿತು. ಎರಡೇ ದಿನದಲ್ಲಿ 35 ವಾರ್ಡ್‌ಗಳ ಫಲಿತಾಂಶ ಬಂತು. ಅಧ್ಯಕ್ಷ ಸ್ಥಾನ ಯಾವ ವರ್ಗಕ್ಕೆ ಮೀಸಲು ಎಂಬ ತಿದ್ದಿದ ಪಟ್ಟಿ ವಿಧಾನಸೌಧದಿಂದ ಹೊರಬೀಳಲು ಮಾತ್ರ ಮರುವರ್ಷದ ಅಕ್ಟೋಬರ್ ಆಗಬೇಕಾಯಿತು. ಅಲ್ಲಿಯವರೆಗೆ ಗೆದ್ದ ಸದಸ್ಯರ ಕೈಯಲ್ಲಿದ್ದದ್ದು ಪ್ರಮಾಣಪತ್ರ. ಅಧಿಕಾರ ಇದ್ದದ್ದು ಆಡಳಿತಾಧಿಕಾರಿಯ ಕೈಯಲ್ಲಿ. ಅಧ್ಯಕ್ಷರ 30 ತಿಂಗಳ ಮೊದಲ ಅವಧಿ 2023ರಲ್ಲಿ ಮುಗಿದ ಮೇಲೂ ಇದೇ ಪಾಡು. ಎರಡನೆಯ ಅವಧಿಯ ಪಟ್ಟಿ ಬಂದದ್ದು 2024ರ ಆಗಸ್ಟ್‌ನಲ್ಲಿ. ಪಕ್ಕದ ಬಂಗಾರಪೇಟೆ ಪುರಸಭೆ ಸೇರಿದಂತೆ ರಾಜ್ಯದ ನೂರಾರು ಪಟ್ಟಣಗಳು ಹೀಗೆ ವರ್ಷಗಟ್ಟಲೆ ಅಧ್ಯಕ್ಷರಿಲ್ಲದೆ ಕಾದಿವೆ.

ಕೆಜಿಎಫ್‌ಗೆ ಈ ಕಾಯುವಿಕೆ ಹೊಸತಲ್ಲ. ತನ್ನ ಯಜಮಾನ ಯಾರೆಂದು ತೀರ್ಮಾನಿಸುವ ಹಕ್ಕು ಈ ಊರಿಗೆ ಎಂದೂ ಸಿಕ್ಕಿಲ್ಲ. 1880ರ ದಶಕದಿಂದ ಇಲ್ಲಿ ಚಿನ್ನದ ಗಣಿ ನಡೆಸಿದ ಜಾನ್ ಟೇಲರ್ ಕಂಪನಿಯ ಕಾಲದಲ್ಲಿ ಗಣಿ ಪ್ರದೇಶದ ನೀರು, ನೈರ್ಮಲ್ಯವೆಲ್ಲ ಸ್ಯಾನಿಟರಿ ಬೋರ್ಡಿನ ಪಾಲು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶವಾದವು, 1962ರಲ್ಲಿ ಕೇಂದ್ರಕ್ಕೆ ಹೋದವು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. 2001ರ ಫೆಬ್ರುವರಿ 28ರಂದು ಬೀಗ ಬಿತ್ತು. ಈ ಒಂದೊಂದು ತೀರ್ಮಾನವೂ ಲಂಡನ್, ಬೆಂಗಳೂರು ಅಥವಾ ದೆಹಲಿಯಲ್ಲಿ ಆದದ್ದು. ಗಣಿಯ ಆಳಕ್ಕಿಳಿದು ದುಡಿದವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಗಣಿ ಕಾರ್ಮಿಕರ ಲೈನ್ ಮನೆಗಳಲ್ಲಿದ್ದಾರೆ.

ಈ ಊರಿಗೆ ಉಳಿದದ್ದು ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳು. ಬೇಸಿಗೆಯಲ್ಲಿ ಗಾಳಿ ಎದ್ದರೆ ದಿಬ್ಬದ ನುಣ್ಣನೆಯ ಪುಡಿ ಕಿಟಕಿ ಸಂದಿಯಿಂದ ಒಳಗೆ ಬಂದು, ಒಗೆದು ಹಾಕಿದ ಬಟ್ಟೆ, ಮುಚ್ಚಿಟ್ಟ ಪಾತ್ರೆ ಎಲ್ಲದರ ಮೇಲೂ ಕೂರುತ್ತದೆ. 13 ದಿಬ್ಬಗಳ ಸುಮಾರು ಸಾವಿರ ಎಕರೆಯಲ್ಲಿ ಮತ್ತೆ ಚಿನ್ನ ಹುಡುಕುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ದಿಬ್ಬ ಅಗೆದಾಗ ಏಳುವ ಧೂಳಿಗೆ ಯಾರು ಹೊಣೆ? ಕೆಲಸ ಸ್ಥಳೀಯರಿಗೆ ಸಿಗುತ್ತದೆಯೇ? ಲೈನ್ ಮನೆಗಳ ಗತಿಯೇನು? ಈ ಪ್ರಶ್ನೆಗಳನ್ನು ಹಿಡಿದು ಗಣಿ ಸಚಿವಾಲಯದ ಬಾಗಿಲು ತಟ್ಟಲು, ಇಡೀ ಊರಿನ ಮತ ಬೆನ್ನಿಗಿರುವ ಒಬ್ಬರು ಬೇಕು. ಈಗಿನ ವ್ಯವಸ್ಥೆಯಲ್ಲಿ ಅಂಥವರು ಹುಟ್ಟುವುದಕ್ಕೇ ಅವಕಾಶವಿಲ್ಲ.

1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ ಅಧ್ಯಕ್ಷರನ್ನು ಆರಿಸುವವರು ಸದಸ್ಯರು. ಆ ಕ್ಷೇತ್ರದ ಶಾಸಕರು, ಸಂಸದರಿಗೂ ಮತವಿದೆ. ಚುನಾವಣೆ ಹತ್ತಿರ ಬಂದಂತೆ ಏನಾಗುತ್ತದೆಂದು ಪಟ್ಟಣದ ಜನರಿಗೆಲ್ಲ ಗೊತ್ತು. ಸದಸ್ಯರ ಮೊಬೈಲ್ ಸ್ವಿಚ್ ಆಫ್ ಆಗುತ್ತದೆ, ರೆಸಾರ್ಟಿಗೆ ಬಸ್ಸು ಹೊರಡುತ್ತದೆ, ಚುನಾವಣೆಯ ದಿನ ಅದೇ ಬಸ್ಸು ನೇರವಾಗಿ ಕಚೇರಿಯ ಮುಂದೆ ಬಂದು ನಿಲ್ಲುತ್ತದೆ. ಸಭಾಂಗಣದಲ್ಲಿ ಕೈ ಎತ್ತಿದರೆ ಆಯ್ಕೆ ಮುಗಿಯಿತು. ಹೀಗೆ ಕುರ್ಚಿಗೆ ಬಂದವರ ಮೇಲೆ ಕೈ ಎತ್ತಿದವರ ಋಣವಿರುತ್ತದೆ. ವಾರ್ಡಿನ ಮೋರಿಗೆ ವಾರ್ಡಿನ ಸದಸ್ಯರನ್ನು ಕೇಳಬಹುದು. ಊರಿನ ಒಳಚರಂಡಿಗೆ, ಕುಡಿಯುವ ನೀರಿಗೆ ಯಾರನ್ನು ಕೇಳಬೇಕು? ಬೆಳಕು ಹರಿಯುವ ಮುಂಚೆ ಮಾರಿಕುಪ್ಪಂ, ಬಂಗಾರಪೇಟೆಯಲ್ಲಿ ಬೆಂಗಳೂರಿನ ರೈಲು ಹಿಡಿದು ಕತ್ತಲಾದ ಮೇಲೆ ಮನೆ ಸೇರುವ ಸಾವಿರಾರು ದುಡಿಮೆಗಾರರಿಗೆ ಕಚೇರಿಯಿಂದ ಕಚೇರಿಗೆ ಅಲೆಯಲು ಪುರುಸೊತ್ತಿಲ್ಲ. ಐದು ವರ್ಷಕ್ಕೊಮ್ಮೆ ಹಾಕುವ ಮತವೇ ಅವರ ಅರ್ಜಿ. ಅದು ನೇರವಾಗಿ ಅಧ್ಯಕ್ಷರಿಗೆ ತಲುಪಬೇಕು.

ಅಧ್ಯಕ್ಷರನ್ನು ಜನರೇ ನೇರವಾಗಿ ಆರಿಸುವುದಕ್ಕೆ ಸಂವಿಧಾನದ ಅಡ್ಡಿಯಿಲ್ಲ. 1993ರಲ್ಲಿ ಜಾರಿಗೆ ಬಂದ 74ನೇ ತಿದ್ದುಪಡಿ ಅಧ್ಯಕ್ಷರ ಆಯ್ಕೆಯ ವಿಧಾನವನ್ನು ರಾಜ್ಯಗಳ ವಿವೇಚನೆಗೇ ಬಿಟ್ಟಿದೆ. ನಮ್ಮವರೇ ಆದ ವೀರಪ್ಪ ಮೊಯಿಲಿ ಅಧ್ಯಕ್ಷತೆಯ ಎರಡನೇ ಆಡಳಿತ ಸುಧಾರಣಾ ಆಯೋಗ 2007ರಲ್ಲೇ, ಮೇಯರ್ ಮತ್ತು ಅಧ್ಯಕ್ಷರನ್ನು ಜನರೇ ಆರಿಸಬೇಕು, ಕಾರ್ಯಾಂಗದ ಅಧಿಕಾರವೂ ಅವರದೇ ಆಗಬೇಕು ಎಂದು ಶಿಫಾರಸು ಮಾಡಿತ್ತು. ಮಧ್ಯಪ್ರದೇಶ, ಉತ್ತರಪ್ರದೇಶಗಳಲ್ಲಿ ಮೇಯರ್‌ಗಳನ್ನು ಜನ ನೇರವಾಗಿ ಆರಿಸಿದ್ದಾರೆ. ಕೆಜಿಎಫ್‌ನ ಎಷ್ಟೋ ಮನೆಗಳ ನೆಂಟರಿರುವ ತಮಿಳುನಾಡಿನಲ್ಲಿ 1996ರಲ್ಲಿ ನೇರ ಚುನಾವಣೆ ನಡೆದು ಎಂ.ಕೆ. ಸ್ಟಾಲಿನ್ ಚೆನ್ನೈ ಮೇಯರ್ ಆದರು.

ಅದೇ ತಮಿಳುನಾಡು ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಅಲ್ಲಿ 2006ರಲ್ಲಿ ನೇರ ಆಯ್ಕೆ ಕೈಬಿಟ್ಟರು, 2011ರಲ್ಲಿ ಮರಳಿ ತಂದರು, ಮತ್ತೆ ಬಿಟ್ಟರು. ಆಳುವ ಪಕ್ಷದ ಅನುಕೂಲಕ್ಕೆ ತಕ್ಕಂತೆ ಕಾನೂನು ಬದಲಾದರೆ ಜನರ ಹಕ್ಕು ನೆಲೆ ನಿಲ್ಲುವುದಿಲ್ಲ. ಅಧ್ಯಕ್ಷರು ಒಂದು ಪಕ್ಷ, ಬಹುಮತ ಇನ್ನೊಂದು ಪಕ್ಷದ್ದಾದರೆ ಬಜೆಟ್ಟೇ ನಿಂತುಹೋದೀತು ಎಂಬ ಆತಂಕವೂ ಸುಳ್ಳಲ್ಲ. ಅದಕ್ಕೆ ಕಾನೂನಿನಲ್ಲೇ ದಾರಿ ಮಾಡಬೇಕು: ಬಜೆಟ್ ಒಪ್ಪಿಗೆಗೆ ಗಡುವು ಇರಲಿ, ದಾರಿ ತಪ್ಪಿದ ಅಧ್ಯಕ್ಷರನ್ನು ಮಧ್ಯಪ್ರದೇಶದಲ್ಲಿರುವಂತೆ ಜನರ ಮತದಿಂದಲೇ ವಾಪಸು ಕರೆಸುವ ಅವಕಾಶವಿರಲಿ. ನೇರ ಚುನಾವಣೆಯಲ್ಲಿ ಹಣ ಹೊಳೆಯಂತೆ ಹರಿಯುತ್ತದೆ ಎನ್ನುವವರಿಗೆ ನಮ್ಮ ಉತ್ತರ ಇಷ್ಟೆ: ಇಡೀ ಪಟ್ಟಣವನ್ನು ಕೊಳ್ಳುವುದಕ್ಕಿಂತ ಹತ್ತಿಪ್ಪತ್ತು ಜನರನ್ನು ಕೊಳ್ಳುವುದು ಎಂದೆಂದಿಗೂ ಸುಲಭ.

ನೇರ ಆಯ್ಕೆಯೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ. ಪೌರಾಯುಕ್ತರು, ಮುಖ್ಯಾಧಿಕಾರಿಗಳು ಸರ್ಕಾರದ ವರ್ಗಾವಣೆ ಆದೇಶಕ್ಕಷ್ಟೇ ಉತ್ತರ ಹೇಳುವವರಾದರೆ, ಲಕ್ಷ ಮತ ಪಡೆದ ಅಧ್ಯಕ್ಷರೂ ಉದ್ಘಾಟನೆಯ ಕಲ್ಲಿನ ಮೇಲಿನ ಹೆಸರಾಗಿ ಉಳಿಯುತ್ತಾರೆ. ಹಾಗಾಗಿ ಅಧ್ಯಕ್ಷರ ಅವಧಿ ಪೂರ್ತಿ ಐದು ವರ್ಷ ಇರಬೇಕು. ಅಧಿಕಾರಿಗಳು ಅಧ್ಯಕ್ಷರಿಗೆ ಉತ್ತರದಾಯಿಗಳಾಗಬೇಕು. ಅಧ್ಯಕ್ಷ ಸ್ಥಾನದ ಮೀಸಲಾತಿ ವಾರ್ಡ್ ಮೀಸಲಾತಿಯ ಜೊತೆಗೇ, ಚುನಾವಣೆಗೆ ಮುಂಚೆಯೇ ಪ್ರಕಟವಾಗಬೇಕು. ಮೀಸಲು ಸ್ಥಾನದಿಂದ ಬಂದ ದಲಿತರಿಗೆ, ಮಹಿಳೆಯರಿಗೆ ಇವತ್ತು ಸಿಗುತ್ತಿರುವುದು ಕಡತ ಅರ್ಥವಾಗುವಷ್ಟರಲ್ಲಿ ಮುಗಿಯುವ ಅರೆ ಅವಧಿ. ಐದು ವರ್ಷ ಸಿಕ್ಕರೆ ಅದು ನಿಜವಾದ ಅಧಿಕಾರವಾಗುತ್ತದೆ.

ಕೆಜಿಎಫ್, ಬಂಗಾರಪೇಟೆ ಎರಡೂ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರಗಳು. ಇಲ್ಲಿನ ಶಾಸಕರು ಪಕ್ಷಭೇದ ಮರೆತು ಪೌರಸಭೆಗಳ ಕಾಯ್ದೆಗೆ ಈ ತಿದ್ದುಪಡಿಯನ್ನು ಸದನದಲ್ಲಿ ಕೇಳಲಿ. ಅಧ್ಯಕ್ಷರ ಆಯ್ಕೆಯಲ್ಲಿ ತಮಗಿರುವ ಒಂದು ಮತವನ್ನು ಬಿಟ್ಟುಕೊಟ್ಟು ಆ ಹಕ್ಕನ್ನು ಮತದಾರರಿಗೆ ಒಪ್ಪಿಸಲಿ. ಒಪ್ಪದಿದ್ದರೆ, ಶಾಸಕರನ್ನು ಆರಿಸಲು ಯೋಗ್ಯರಾದ ಜನ ತಮ್ಮ ಊರಿನ ಅಧ್ಯಕ್ಷರನ್ನು ಆರಿಸಲು ಏಕೆ ಯೋಗ್ಯರಲ್ಲ ಎಂಬುದಕ್ಕೆ ಮುಂದಿನ ಚುನಾವಣೆಗೆ ಮುಂಚೆ ಉತ್ತರ ಕೊಡಲಿ.