ಹಳೆಯ ಪ್ರಿಂಟರೂ ಹೊಸ ನೆಟ್‌ವರ್ಕೂ

ಗುಂಡ್ಲುಪೇಟೆಯಿಂದ ತೆರಕಣಾಂಬಿಯ ಮೇಲೆ ಚಾಮರಾಜನಗರಕ್ಕೆ ನಿತ್ಯವೂ ಬಸ್ಸಿನಲ್ಲಿ ಹೋಗಿಬರುವವನು ನಾನು. ಈ ಎರಡೂ ಊರುಗಳಲ್ಲಿ ಶಾಲೆ, ಸಂಘ, ಕಚೇರಿಗಳ ಮೆಟ್ಟಿಲನ್ನು ಒಂದಲ್ಲ ಒಂದು ಕಾರಣಕ್ಕಾಗಿ ಹತ್ತಿರುವೆನು. ಹೋದ ಎಷ್ಟೋ ಕಡೆ ಒಂದೇ ನೋಟ ಕಣ್ಣಿಗೆ ಬಿದ್ದಿದೆ. ಮೂಲೆಯ ಮೇಜಿನ ಮೇಲೆ ಮಾಸಿದ ಟವಲನ್ನು ಹೊದ್ದುಕೊಂಡು ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರು ಕುಳಿತಿರುವುದು. ಕೆಟ್ಟಿದೆಯೇನು ಎಂದು ವಿಚಾರಿಸಿದರೆ, “ಕೆಟ್ಟಿಲ್ಲ ಮೇಷ್ಟ್ರೇ, ಹೊಸ ಕಂಪ್ಯೂಟರಿಗೆ ಹಾಕಕಾಗಲ್ಲ ಅಷ್ಟೇ” ಎಂಬ ಉತ್ತರ ಬರುವುದು. ಕೈಕಾಲು ಗಟ್ಟಿಯಾಗಿದ್ದರೂ ಮಾತು ತಿಳಿಯದೆ ಕೆಲಸ ಕಳೆದುಕೊಂಡ ಆಳಿನ ಸ್ಥಿತಿ ಆ ಯಂತ್ರದ್ದು.

ಇಂತಹ ಯಂತ್ರವನ್ನು ಗುಜರಿಗೆ ಹಾಕುವ ಮುನ್ನ ಕಚೇರಿಯ ನೆಟ್‌ವರ್ಕಿಗೆ ಸೇರಿಸಿ ನೋಡಬೇಕೆಂಬುದು ನನ್ನ ಅಭಿಪ್ರಾಯ. ಆ ಕೆಲಸವನ್ನು ಕಾಲೇಜಿನ ವಿದ್ಯಾರ್ಥಿಗಳೇ ಮಾಡಬಲ್ಲರೆಂಬುದು ನನ್ನ ಅನುಭವ.

ಇದು ಬರಿಯ ಮಿತವ್ಯಯದ ಮಾತೆಂದು ವಾಚಕರು ತಿಳಿಯಬಾರದು. ಕೆಲವು ವರ್ಷಗಳ ಹಿಂದೆ ಒಂದು ವಿದ್ಯಾಸಂಸ್ಥೆಯಲ್ಲಿ—ಹೆಸರು ಬೇಡ—ವರ್ಗಾವಣೆ ಪತ್ರಕ್ಕಾಗಿ ದೂರದ ಹಳ್ಳಿಯಿಂದ ಒಬ್ಬ ಹುಡುಗಿ ತಂದೆಯೊಡನೆ ಬಂದಿದ್ದಳು. ಪತ್ರವು ಸಿದ್ಧವಾಗಿ ಒಂದು ಕಂಪ್ಯೂಟರಿನ ಪರದೆಯ ಮೇಲಿತ್ತು. ಪ್ರಿಂಟರು ಅಲ್ಲಿಂದ ಮೂರು ಮಾರು ದೂರದಲ್ಲಿ ಸುಸ್ಥಿತಿಯಲ್ಲಿತ್ತು. ಆದರೆ ಅದನ್ನು ಕಟ್ಟಿಹಾಕಿದ್ದ ಕಂಪ್ಯೂಟರು ಬೇರೆ. ಅದರ ಗುಮಾಸ್ತರು ರಜೆಯ ಮೇಲೆ ಹೋಗಿದ್ದರು, ಗುಪ್ತಪದವೂ ಅವರೊಡನೆಯೇ ಹೋಗಿತ್ತು. ವೈರಸ್ಸಿನ ಭಯದಿಂದ ಪೆನ್ ಡ್ರೈವನ್ನು ನಿಷೇಧಿಸಿದ್ದರು. ಆ ತಂದೆಮಗಳು ಮರುದಿನ ಮತ್ತೆ ಬಂದರು. ಎರಡು ಬಸ್ ಚಾರ್ಜು, ಒಂದು ದಿನದ ಕೂಲಿ ಹೋಯಿತು. ಕೊರತೆಯಾಗಿದ್ದುದು ಮೂರು ಮಾರು ತಂತಿ!

ದೊಡ್ಡ ಯೋಜನೆಗಳಲ್ಲಿಯೂ ಇದೇ ಕೊನೆಯ ಮೂರು ಮಾರು ಮುಖ್ಯವಾದುದು. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆರಂಭದ ವರ್ಷಗಳಲ್ಲಿ ರೈತನು ತಾಲ್ಲೂಕು ಕಚೇರಿಯಲ್ಲಿ 15 ರೂಪಾಯಿ ತೆತ್ತು ಪ್ರತಿಯನ್ನು ಪಡೆಯುತ್ತಿದ್ದನು. ದಾಖಲೆ ಎಲ್ಲಿಯೇ ಇರಲಿ, ರೈತನ ಪಾಲಿಗೆ ಅದು ಹುಟ್ಟುವುದು ಪ್ರಿಂಟರಿನ ಬಾಯಿಂದ ಕಾಗದ ಹೊರಬಿದ್ದಾಗಲೇ.

ನೆಟ್‌ವರ್ಕಿನ ಜನನಕ್ಕೂ ಪ್ರಿಂಟರಿಗೂ ನಂಟುಂಟು. ಅಮೆರಿಕದ ಜೆರಾಕ್ಸ್ ಸಂಸ್ಥೆಯ ಪಾಲೋ ಆಲ್ಟೊ ಸಂಶೋಧನಾಲಯದಲ್ಲಿ ಗ್ಯಾರಿ ಸ್ಟಾರ್ಕ್‌ವೆದರ್ ಎಂಬಾತನು ಲೇಸರ್ ಪ್ರಿಂಟರನ್ನು ರಚಿಸಿದನು. ಅದು ಬಲು ದುಬಾರಿಯ ಯಂತ್ರ. ಮೇಜಿಗೊಂದರಂತೆ ಇಡುವುದು ಸಾಧ್ಯವಿರಲಿಲ್ಲ. ‘ಆಲ್ಟೊ’ ಎಂಬ ಕಂಪ್ಯೂಟರುಗಳನ್ನು ಒಂದರೊಡನೊಂದು ಸೇರಿಸಿ, ಅವೆಲ್ಲವೂ ಆ ಪ್ರಿಂಟರನ್ನು ಹಂಚಿಕೊಳ್ಳುವಂತೆ ಮಾಡುವ ಉಪಾಯವನ್ನು 1973ರಲ್ಲಿ ರಾಬರ್ಟ್ ಮೆಟ್‌ಕಾಫ್ ಹೂಡಿದನು. ಅದೇ ಈಥರ್ನೆಟ್. ಆದುದರಿಂದ ಪ್ರಿಂಟರನ್ನು ಹಂಚಿಕೊಳ್ಳುವುದು ನೆಟ್‌ವರ್ಕಿನ ಉಪಪ್ರಯೋಜನವಲ್ಲ. ಅದು ಹುಟ್ಟಿದ ಕಾರಣಗಳಲ್ಲಿ ಒಂದು.

ಹಳೆಯ ಪ್ರಿಂಟರಿನ ದಪ್ಪ ಕೇಬಲ್ಲನ್ನೇ ಉದ್ದ ಮಾಡಿದರೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಸಾಲದು. ಆ ಕೇಬಲ್ಲಿನಲ್ಲಿ ಒಂದು ಅಕ್ಷರದ ಎಂಟು ಬಿಟ್ಟುಗಳು ಎಂಟು ತಂತಿಗಳಲ್ಲಿ ಏಕಕಾಲಕ್ಕೆ ಹೊರಡುತ್ತವೆ. ಒಂಬತ್ತನೆಯ ತಂತಿಯೊಂದು “ಈಗ ಓದಿಕೋ” ಎಂದು ಸನ್ನೆ ಮಾಡುತ್ತದೆ. ತಂತಿಗಳು ಒತ್ತಾಗಿ ಓಡುವುದರಿಂದ ಅವುಗಳ ನಡುವೆ ಧಾರಕತೆ ಏರ್ಪಟ್ಟು, ಒಂದರ ಸ್ಪಂದವು ಪಕ್ಕದ್ದರಲ್ಲಿ ಕೊಂಚ ಪ್ರತಿಧ್ವನಿಸುವುದು. ಉದ್ದ ಹೆಚ್ಚಿದಂತೆ ಚೌಕಾಕಾರದ ಸ್ಪಂದದ ಅಂಚು ಸವೆದು ದುಂಡಗಾಗುವುದು. ಕೆಲವೇ ಮೀಟರುಗಳಲ್ಲಿ ‘ಅ’ ಹೋಗಿ ‘ಆ’ ಆಗತಕ್ಕ ಅಪಾಯ ಬರುವುದು. ಈಥರ್ನೆಟ್ಟಿನ ತಂತಿಗಳಾದರೋ ಜಡೆಯಂತೆ ಜೋಡಿಜೋಡಿಯಾಗಿ ಹೆಣೆದಿರುತ್ತವೆ. ಜೋಡಿಯ ಒಂದು ತಂತಿಯಲ್ಲಿ ವೋಲ್ಟೇಜು ಏರಿದಾಗ ಇನ್ನೊಂದರಲ್ಲಿ ಅಷ್ಟೇ ಇಳಿಯುವುದು. ಆ ತುದಿಯಲ್ಲಿ ಅಳೆಯುವುದು ಇವೆರಡರ ವ್ಯತ್ಯಾಸವನ್ನು ಮಾತ್ರ. ಹೊರಗಿನ ಗದ್ದಲ ಎರಡರ ಮೇಲೂ ಸಮನಾಗಿ ಬೀಳುವುದರಿಂದ ವ್ಯತ್ಯಾಸದಲ್ಲಿ ಕಳೆದುಹೋಗುವುದು. ನೂರು ಮೀಟರು ಧಾರಾಳವಾಗಿ ಹೋಗಬಹುದು. ಮೇಲಾಗಿ ಎರಡು ತುದಿಗಳಲ್ಲಿಯೂ ಪುಟ್ಟ ಟ್ರಾನ್ಸ್‌ಫಾರ್ಮರುಗಳಿದ್ದು, ಒಂದು ಕೋಣೆಯ ಅರ್ಥಿಂಗಿಗೂ ಇನ್ನೊಂದು ಕೋಣೆಯ ಅರ್ಥಿಂಗಿಗೂ ನೇರ ಸಂಪರ್ಕ ಏರ್ಪಡುವುದಿಲ್ಲ. ನಮ್ಮ ಹಳೆಯ ಕಟ್ಟಡಗಳ ವೈರಿಂಗನ್ನು ಬಲ್ಲವರಿಗೆ ಇದರ ಬೆಲೆಯನ್ನು ವಿವರಿಸಬೇಕಾಗಿಲ್ಲ.

ಇನ್ನು ಭಾಷೆಯ ವಿಚಾರ. ಇದೇ ಈ ವಿಷಯದ ತಿರುಳು.

1980ರಲ್ಲಿ ಜಪಾನಿನ ಎಪ್ಸನ್ ಸಂಸ್ಥೆಯು ‘ಎಂಎಕ್ಸ್-80’ ಎಂಬ ಪ್ರಿಂಟರನ್ನು ಹೊರತಂದಿತು. ಅದರ ಆಜ್ಞೆಗಳು ಕಾಲಕ್ರಮದಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರುಗಳ ಸಾಮಾನ್ಯ ಭಾಷೆಯಾದವು. ಆಜ್ಞೆಗಳು ಬಹು ಸರಳ: 27 ಮತ್ತು 69 ಎಂಬ ಸಂಖ್ಯೆಗಳನ್ನು ಕಳುಹಿಸಿದರೆ ಅಕ್ಷರ ದಪ್ಪವಾಗುವುದು, 27 ಮತ್ತು 70 ಕಳುಹಿಸಿದರೆ ಮೊದಲಿನಂತಾಗುವುದು, 12 ಎಂದರೆ ಹಾಳೆಯನ್ನು ಹೊರತಳ್ಳು ಎಂದರ್ಥ. ಮೈಸೂರಿನಲ್ಲಿ ವಿಪ್ರೋ, ತುಮಕೂರಿನಲ್ಲಿ ಟಿವಿಎಸ್ ತಯಾರಿಸಿದ ಪ್ರಿಂಟರುಗಳು ನಮ್ಮ ಕಡೆಯ ಕಚೇರಿಗಳಿಗೆ ಬಂದವು. ಇಂಗ್ಲಿಷಿನ ಒಂದು ಪುಟಕ್ಕೆ ಸಾಲಿಗೆ 80ರಂತೆ 60 ಸಾಲುಗಳು, ಒಟ್ಟು 4,800 ಬೈಟುಗಳು ಸಾಕು. ಆದರೆ ಪ್ರಿಂಟರಿನ ಒಡಲಲ್ಲಿ ಕನ್ನಡದ ಅಕ್ಷರಗಳಿಲ್ಲ. ಕನ್ನಡದ ಪುಟವನ್ನು ಚಿತ್ರವೆಂದೇ ಚುಕ್ಕೆಚುಕ್ಕೆಯಾಗಿ ಕಳುಹಿಸಬೇಕು. 24 ಸೂಜಿಗಳ ಪ್ರಿಂಟರಿನಲ್ಲಿ ಅಂಗುಲಕ್ಕೆ 180 ಚುಕ್ಕೆಗಳಂತೆ 8 ಅಂಗುಲ ಅಗಲ, 11 ಅಂಗುಲ ಎತ್ತರದ ಪುಟವನ್ನು ಲೆಕ್ಕ ಹಾಕಿ ನೋಡಿ. ಸುಮಾರು ಮೂರೂವರೆ ಲಕ್ಷ ಬೈಟುಗಳು, ಎಂದರೆ ಎಪ್ಪತ್ತು ಪಟ್ಟಿಗೂ ಮಿಕ್ಕು. ನಮ್ಮ ಒತ್ತಕ್ಷರಗಳ ಚೆಲುವಿಗೆ ನಾವು ತೆರುವ ಸುಂಕವಿದು! ಹಾಗಿದ್ದರೂ ಸೆಕೆಂಡಿಗೆ ಒಂದು ಕೋಟಿ ಬಿಟ್ಟು ಸಾಗಿಸುವ ಹಳೆಯ ಈಥರ್ನೆಟ್ಟಿಗೂ ಅದು ಅರೆ ಸೆಕೆಂಡಿನ ಕೆಲಸವೂ ಅಲ್ಲ. ತಡವಾಗುವುದು ಸೂಜಿಗಳ ಓಡಾಟದಲ್ಲಿ, ತಂತಿಯಲ್ಲಲ್ಲ.

ಆಜ್ಞೆಗಳು ಬಹಿರಂಗವಾಗಿರುವುದರಿಂದಲೇ ಈ ಯಂತ್ರಗಳನ್ನು ಇಂದಿಗೂ ಮಾತನಾಡಿಸಬಹುದು. ಎಲ್ಲ ಪ್ರಿಂಟರುಗಳೂ ಹೀಗಿಲ್ಲ. ನಮ್ಮ ಕಚೇರಿಗಳಲ್ಲಿ ಮನೆಮಾತಾದ ಎಚ್‌ಪಿ ಲೇಸರ್‌ಜೆಟ್ 1020 ಪ್ರತಿಸಲವೂ ಸ್ವಿಚ್ ಹಾಕಿದೊಡನೆ ತನ್ನ ಬುದ್ಧಿಯನ್ನೇ ಕಂಪ್ಯೂಟರಿನಿಂದ ತುಂಬಿಸಿಕೊಳ್ಳುವಂಥದು. ಪೇಟೆಯಲ್ಲಿ ಸಿಗುವ ಸಾಧಾರಣ ಪ್ರಿಂಟ್ ಸರ್ವರ್ ಡಬ್ಬಿಗೆ ಇದು ಒಗ್ಗುವುದು ಕಷ್ಟ. ಹಿಂದೆ ಒಂದು ಪುಟ್ಟ ಕಂಪ್ಯೂಟರೇ ಬೇಕು. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬಾತನು, ನೆಟ್‌ವರ್ಕಿನಲ್ಲಿದ್ದ ಜೆರಾಕ್ಸ್ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಂಡಾಗ ಎಲ್ಲರಿಗೂ ಸುದ್ದಿ ಮುಟ್ಟಿಸುವ ಏರ್ಪಾಡನ್ನು ಮಾಡಲು ಹೊರಟನು. ಪ್ರಿಂಟರಿನ ಮೂಲ ಪ್ರೋಗ್ರಾಮನ್ನು ಅವನಿಗೆ ಕೊಡಲಿಲ್ಲ. ಆ ಸಿಟ್ಟಿನ ಬೀಜವೂ ಸೇರಿ 1983ರಲ್ಲಿ ಅವನ ಗ್ನು ಯೋಜನೆ ಮೊಳೆಯಿತು. ಸರ್ಕಾರಿ ಹಣದಿಂದ ಪ್ರಿಂಟರು ಕೊಳ್ಳುವವರು ಬೆಲೆಯೊಡನೆ ಅದರ ಭಾಷೆ ಬಹಿರಂಗವೋ ಗುಟ್ಟೋ ಎಂಬುದನ್ನೂ ಕೇಳತಕ್ಕದ್ದು. ಕೇಳಿದವರನ್ನು ನಾನು ಇನ್ನೂ ಕಂಡಿಲ್ಲ.

ಒಂದು ಎಚ್ಚರಿಕೆ. ವಿಂಡೋಸಿನಲ್ಲಿ ಪ್ರಿಂಟರು ಹಂಚುವ ಹಳೆಯ ಪದ್ಧತಿಯೊಂದು—ಎಸ್‌ಎಂಬಿ ಒಂದನೆಯ ಆವೃತ್ತಿ—2017ರಿಂದೀಚಿನ ಹೊಸ ಸ್ಥಾಪನೆಗಳಲ್ಲಿ ಸಾಮಾನ್ಯವಾಗಿ ಮುಚ್ಚಿರುತ್ತದೆ. ಅದೇ ವರ್ಷದ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಪಿಡುಗು ಹಬ್ಬಿದುದು ಅದೇ ಬಾಗಿಲಿನಿಂದ. ಹಳೆಯ ಪ್ರಿಂಟರಿನ ಮೋಹಕ್ಕೆ ಬಿದ್ದು ಆ ಬಾಗಿಲನ್ನು ಎಲ್ಲ ಕಂಪ್ಯೂಟರುಗಳಲ್ಲಿಯೂ ಮತ್ತೆ ತೆರೆಯುವುದು ತಪ್ಪು. ನಡುವೆ ಒಂದು ಯಂತ್ರವನ್ನಿಟ್ಟು, ಹೊಸಬರೊಡನೆ ಹೊಸ ಭಾಷೆಯನ್ನೂ ಹಳಬನೊಡನೆ ಹಳೆಯ ಭಾಷೆಯನ್ನೂ ಅದು ಆಡುವಂತೆ ಮಾಡುವುದು ಸರಿಯಾದ ಮಾರ್ಗ. 1999ರಲ್ಲಿ ಹೊರಬಂದ ‘ಕಪ್ಸ್’ ಎಂಬ ಉಚಿತ ಪ್ರೋಗ್ರಾಮು ಈ ದುಭಾಷಿಯ ಕೆಲಸವನ್ನು ಮಾಡುತ್ತದೆ. ಕಚೇರಿಯ ಹೊರಗಿನವರಿಗೆ ಅದು ಕಾಣದಂತಿರಬೇಕು.

ನಮ್ಮಲ್ಲಿ ಇಬ್ಬರು ಬಿ.ಎಸ್ಸಿ. ವಿದ್ಯಾರ್ಥಿಗಳು ಮೂರು ಮಧ್ಯಾಹ್ನಗಳಲ್ಲಿ ಇದನ್ನು ಮಾಡಿ ಮುಗಿಸಿದರು. ಮೊದಲು ಬಳಸಿದುದು ಗುಜರಿಗೆ ಹೊರಟಿದ್ದ ಕಂಪ್ಯೂಟರು. ಅದರ ಬೆನ್ನಿನಲ್ಲಿ ಹಳೆಯ ಇಪ್ಪತ್ತೈದು ರಂಧ್ರಗಳ ಕಿಂಡಿ ಇದ್ದೇ ಇತ್ತು. ಅದು 80 ವಾಟಿನಷ್ಟು ವಿದ್ಯುತ್ತನ್ನು ಎಳೆಯುತ್ತಿದ್ದುದರಿಂದ, ದಿನಕ್ಕೆ ಎಂಟು ಗಂಟೆಯಂತೆ 0.64 ಯೂನಿಟ್ ಆಗುವುದೆಂದು ಹುಡುಗರೇ ಲೆಕ್ಕ ಹಾಕಿ, ಸುಮಾರು 5 ವಾಟಿನ ಅಂಗೈಯಗಲದ ರಾಸ್ಪ್‌ಬೆರಿ ಪೈಗೆ ಬದಲಾಯಿಸಿದರು. ಹೊಸದನ್ನೇ ಕೊಳ್ಳಬಾರದಿತ್ತೆ ಎಂದರೆ, ರಸೀತಿಯ ಮೂರು ಪ್ರತಿಗಳನ್ನು ಕಾರ್ಬನ್ನಿಟ್ಟು ಒಂದೇ ಏಟಿಗೆ ತೆಗೆಯಲು ಸೂಜಿಯ ಹೊಡೆತವೇ ಬೇಕು. ಲೇಸರಿನಿಂದ ಅದು ಆಗದು. ಸೂಜಿಯ ತಲೆ ಮುರಿದಿದ್ದರೆ ಮಾತ್ರ ಹಟ ಬೇಡ. ನೋಂದಾಯಿತ ಇ-ತ್ಯಾಜ್ಯ ಸಂಸ್ಥೆಗೆ ಒಪ್ಪಿಸಿಬಿಡಬೇಕು.

ಈಗ ಮೂರು ಮೇಜುಗಳಿಂದಲೂ ಮುದ್ರಣ ಆಗುತ್ತಿದೆ. ಸದ್ದು ಮಾತ್ರ ಮೊದಲಿನಂತೆಯೇ ಕಿವಿ ಕೊರೆಯುತ್ತದೆ. ರಿಬ್ಬನ್ನನ್ನು ಮೈಸೂರಿನಿಂದ ತರಿಸುತ್ತೇವೆ.