ತುಟ್ಟಿ ಎಣ್ಣೆ, ತಪ್ಪು ಗಾಡಿ

ಹೋದ ಸಲ ಇಲ್ಲಿ ಬೈಕಿನ ಚೈನಿನ ಬಗ್ಗೆ ಬರೆದಾಗ ಚೆನ್ನೈನ ಓದುಗರೊಬ್ಬರು ಕೇಳಿದ್ದರು: "ಇಲ್ಲಿನ ಸೆಕೆಗೆ ದಪ್ಪ ಎಂಜಿನ್ ಆಯಿಲ್ ಹಾಕಿದರೆ ಒಳ್ಳೆಯದಲ್ಲವೇ?" ಉತ್ತರ ಹೇಳುವ ಮೊದಲು ನಾನೇ ಮಾಡಿಕೊಂಡ ಎಡವಟ್ಟೊಂದನ್ನು ಒಪ್ಪಿಕೊಳ್ಳಬೇಕು.

ಮೂರು ವರ್ಷದ ಹಿಂದೆ, ದೀಪಾವಳಿಗೆ ಪುಣೆಯಿಂದ ಹುಬ್ಬಳ್ಳಿಗೆ ಬೈಕಿನಲ್ಲೇ ಹೊರಟಿದ್ದೆವು. ಹಿಂದಿನ ವಾರ ಕಾರಿನ ಸರ್ವಿಸ್ ಆಗಿ ಒಂದು ಲೀಟರ್ ಆಯಿಲ್ ಉಳಿದಿತ್ತು. 5ಡಬ್ಲ್ಯು-30, ಫುಲ್ ಸಿಂಥೆಟಿಕ್, ನನ್ನ ಬೈಕಿನ ಆಯಿಲ್‌ಗಿಂತ ಬಹಳ ದುಬಾರಿ. ಸುಮ್ಮನೆ ಯಾಕೆ ಬಿಡುವುದು ಎಂದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕೂತು ನಾನೇ ಬದಲಾಯಿಸಿದೆ. ದುಬಾರಿ ಅಂದಮೇಲೆ ಒಳ್ಳೆಯದೇ ಇರಬೇಕಲ್ಲ?

ಶಿರವಳ ದಾಟುವವರೆಗೆ ಎಲ್ಲ ಸರಿಯಿತ್ತು. ಖಂಬಾಟಕಿ ಘಾಟ್ ಹತ್ತುವಾಗ ಎಕ್ಸಲರೇಟರ್ ತಿರುವಿದರೆ ಎಂಜಿನ್ ಕಿರುಚುತ್ತಿದೆ, ಗಾಡಿ ಮಾತ್ರ ನಿಧಾನವಾಗುತ್ತಿದೆ. ಬೆನ್ನಿಗೆ ಹೆಂಡತಿ, ಅವಳ ಬೆನ್ನಿಗೆ ಹಾರ್ನ್ ಹೊಡೆಯುತ್ತ ಬರುವ ಲಾರಿ. ಹೇಗೋ ಎಡಕ್ಕೆ ತಂದು ನಿಲ್ಲಿಸಿದಾಗ ಇಬ್ಬರ ಕೈಯೂ ನಡುಗುತ್ತಿತ್ತು.

ಹುಬ್ಬಳ್ಳಿಯ ನಮ್ಮ ಮೆಕ್ಯಾನಿಕ್ ಕಾಕಾಗೆ ಫೋನ್ ಮಾಡಿದೆ. ಅಪ್ಪನ ಕಾಲದಿಂದ ನಮ್ಮ ಮನೆಯ ಗಾಡಿಗಳನ್ನು ನೋಡಿದವರು.

"ಎಣ್ಣಿ ಯಾವುದು ಹಾಕೀದಿ?"

"ಫುಲ್ ಸಿಂಥೆಟಿಕ್ ಕಾಕಾ. ಕಾರಿಗೆ ತಂದಿದ್ದು."

ಒಂದು ಕ್ಷಣ ಸದ್ದಿಲ್ಲ. "ತುಟ್ಟಿ ಎಣ್ಣಿ ಖರೆ ತಮ್ಮಾ. ಆದ್ರ ಅದು ನಿನ್ನ ಗಾಡೀದಲ್ಲ."

ವಿಷಯ ಇಷ್ಟೇ. ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್ನಿಗೆ ಮಾತ್ರ. ಗೇರ್‌ಬಾಕ್ಸಿಗೆ ಬೇರೆ ಆಯಿಲ್, ಸಾಮಾನ್ಯ ಗೇರ್ ಕಾರಿನ ಕ್ಲಚ್ ಒಣಗಿಯೇ ಇರುತ್ತದೆ. ನಮ್ಮ ಹೆಚ್ಚಿನ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಕ್ಲಚ್ ಪ್ಲೇಟುಗಳು ಅದರಲ್ಲೇ ಮುಳುಗಿದ್ದು ಒಂದನ್ನೊಂದು ಹಿಡಿದುಕೊಳ್ಳಬೇಕು. ಇಂಧನ ಉಳಿಸಲೆಂದು ಕಾರಿನ ಹಲವು ಆಯಿಲ್‌ಗಳಲ್ಲಿ ಘರ್ಷಣೆ ಕಡಿಮೆ ಮಾಡುವ ರಾಸಾಯನಿಕ ಸೇರಿಸಿರುತ್ತಾರೆ. ಎಂಜಿನ್ನಿಗೆ ಅದು ವರ, ಆಯಿಲಿನಲ್ಲಿ ಮುಳುಗಿದ ಕ್ಲಚ್ಚಿಗೆ ಶಾಪ. ಹಿಡಿತವೇ ಜಾರಿಹೋಗುತ್ತದೆ.

ಮೊದಲ ಗೇರಿನಲ್ಲಿ ತೆವಳುತ್ತ ಘಾಟ್ ದಾಟಿ, ಸಾತಾರಾದಲ್ಲಿ ಆಯಿಲ್ ಬದಲಿಸಿದೆವು. ಬೇಗ ಎಚ್ಚೆತ್ತರೆ ಕೆಲವೊಮ್ಮೆ ಅಷ್ಟರಲ್ಲೇ ಸರಿಹೋಗುತ್ತದಂತೆ. ನನ್ನದು ಘಾಟಿನಲ್ಲೇ ಸುಟ್ಟಿತ್ತು. ಹುಬ್ಬಳ್ಳಿಯಲ್ಲಿ ಕಾಕಾ ಬಿಚ್ಚಿ ತೋರಿಸಿದ ಪ್ಲೇಟುಗಳು ಕರ್ರಗಾಗಿದ್ದವು. ಒಂದು ಲೀಟರ್ ಉಳಿಸಲು ಹೋಗಿ ಇಡೀ ಕ್ಲಚ್ ಪ್ಲೇಟ್ ಸೆಟ್ಟಿಗೆ ದುಡ್ಡು ಕೊಟ್ಟೆ. ದಿನವಿಡೀ ಜೂನಿಯರ್‌ಗಳಿಗೆ "ಮೊದಲು ಡಾಕ್ಯುಮೆಂಟೇಶನ್ ಓದ್ರಪ್ಪಾ" ಎನ್ನುವವನು ಬೈಕಿನ ಮ್ಯಾನ್ಯುಯಲ್ ತೆರೆದೇ ಇರಲಿಲ್ಲ!

ಹಾಗಾಗಿ ಈಗ ಡಬ್ಬಿಯ ಮುಂದಿನ ಚಿತ್ರಕ್ಕಿಂತ ಹಿಂದಿನ ಸಣ್ಣ ಅಕ್ಷರ ಓದುತ್ತೇನೆ. ಮೊದಲು ಹುಡುಕುವುದು 'ಜಾಸೋ'. ಇದು ಜಪಾನಿನ ವಾಹನ ಮಾನದಂಡ ಸಂಸ್ಥೆಯ ಹೆಸರು. ದ್ವಿಚಕ್ರದ ಫೋರ್‌ಸ್ಟ್ರೋಕ್ ಎಂಜಿನ್ ಆಯಿಲ್‌ಗಳನ್ನು ಕ್ಲಚ್ ಹಿಡಿತದ ಮೇಲೆ ವಿಂಗಡಿಸುವ ಅದರ ಮಾನದಂಡ 1998ರಲ್ಲಿ ಬಂತು. ಗೇರಿನ ಬೈಕಿಗೆ ಎಂಎ ಅಥವಾ ಎಂಎ2 ಇರಬೇಕು. ಎಂಎ2 ಎಂದರೆ ಹಿಡಿತ ಇನ್ನೂ ಹೆಚ್ಚು. ಎಂಬಿ ಎಂದಿದ್ದರೆ ಅದು ಒಣ ಕ್ಲಚ್ಚಿನ ಗೇರ್‌ಲೆಸ್ ಸ್ಕೂಟರುಗಳಿಗೆ. ಮನೆಯಲ್ಲಿ ಎರಡೂ ಇರುವವರು ಡಬ್ಬಿ ಅದಲುಬದಲಾಗದಂತೆ ನೋಡಿಕೊಳ್ಳಿ. ಸ್ಕೂಟರಿನ ಹಿಂಚಕ್ರದ ಬಳಿ ಪ್ರತ್ಯೇಕ ಗೇರ್ ಆಯಿಲ್ ಕೂಡ ಇರುತ್ತದೆ, ಅದನ್ನು ಮರೆಯುವವರೇ ಹೆಚ್ಚು.

ಇನ್ನು ಚೆನ್ನೈ ಪ್ರಶ್ನೆ. 10ಡಬ್ಲ್ಯು-30 ಎಂಬಲ್ಲಿ ಡಬ್ಲ್ಯು ಎಂದರೆ ಚಳಿಗಾಲ. ಮೊದಲ ಸಂಖ್ಯೆ ತಣ್ಣಗಿದ್ದಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂದೂ, ಎರಡನೆಯದು 100 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಎಷ್ಟು ದಪ್ಪ ಉಳಿಯುತ್ತದೆ ಎಂದೂ ಹೇಳುತ್ತದೆ. ಎಂಜಿನ್ನಿನ ಒಳಗಿನ ಸಂದುಗಳನ್ನು ಒಂದು ದಪ್ಪಕ್ಕೆ ಲೆಕ್ಕ ಹಾಕಿಯೇ ಮಾಡಿರುತ್ತಾರೆ. 10ಡಬ್ಲ್ಯು-30 ಬೇಡುವ ಬೈಕಿಗೆ 20ಡಬ್ಲ್ಯು-50 ಹಾಕಿದರೆ ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಆಯಿಲ್ ಮೇಲಿನವರೆಗೆ ತಲುಪಲು ತಡವಾಗುತ್ತದೆ, ಮೈಲೇಜೂ ಇಳಿಯಬಹುದು. ದೆಹಲಿಯ ಚಳಿಯಿರಲಿ, ಚೆನ್ನೈನ ಸೆಕೆಯಿರಲಿ, ಮ್ಯಾನ್ಯುಯಲ್ ಹೇಳಿದ ಗ್ರೇಡನ್ನು ಬಿಡಬೇಡಿ. ಕೆಲವು ಮ್ಯಾನ್ಯುಯಲ್‌ಗಳಲ್ಲಿ ಹವೆಗೆ ತಕ್ಕ ಪಟ್ಟಿಯೇ ಇರುತ್ತದೆ.

ಆಯಿಲ್ ಬದಲಿಸುವ ದಿನ ಬ್ರೇಕ್ ಫ್ಲೂಯಿಡನ್ನೂ ನೋಡಿಬಿಡಿ. ಇದು ಗಾಳಿಯ ತೇವ ಹೀರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಸೇರಿದ ಮೇಲಿನ ಮಿತಿ 155ಕ್ಕೆ ಇಳಿಯುತ್ತದೆ. ಉದ್ದದ ಘಾಟ್ ಇಳಿಯುವಾಗ ಅದು ಕುದಿದರೆ ಬ್ರೇಕ್ ಹಿಡಿ ಮೆತ್ತಗಾಗುತ್ತದೆ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಬೇಕು. ಯಾವುದು ಬೇಕೆಂದು ಅದರ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. 5 ದೊಡ್ಡ ಸಂಖ್ಯೆ ಎಂದು ಡಾಟ್ 5 ತರಬೇಡಿ. ಅದು ಸಿಲಿಕೋನ್, ಡಾಟ್ 4ರ ಜೊತೆ ಬೆರೆಯುವುದಿಲ್ಲ. ಫೋರ್ಕ್ ಆಯಿಲ್ ಮಾತ್ರ ಬಲ್ಲ ಮೆಕ್ಯಾನಿಕ್‌ಗೇ ಬಿಡಿ.

ನೀವೇ ಬದಲಿಸುವವರಾದರೆ ಹಳೆ ಆಯಿಲನ್ನು ಗಟಾರಕ್ಕೆ ಸುರಿಯದೆ ಡಬ್ಬಿಯಲ್ಲಿ ತುಂಬಿ ಗ್ಯಾರೇಜಿಗೆ ಕೊಡಿ. ಇಂದೇ ಮ್ಯಾನ್ಯುಯಲ್‌ನ ಆಯಿಲ್ ಪುಟದ ಫೋಟೋ ತೆಗೆದು ಫೋನಿನಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಬೇಕಾಗುವುದು ಅದೇ.

ಈಗಲೂ ಊರಿಗೆ ಹೊರಡುವ ಮುನ್ನ ನಮ್ಮನೆಯವಳು ಹೆಲ್ಮೆಟ್ ಹಾಕಿಕೊಳ್ಳುತ್ತ ಕೇಳುತ್ತಾಳೆ: "ಗಾಡೀದೇ ಎಣ್ಣಿ ಹಾಕೀರಿ ಹೌದಲ್ರಿ?" ಫೋಟೋ ತೋರಿಸಿದ ಮೇಲೆಯೇ ಹತ್ತುವುದು.