ಹಳೆಯ ಲಾರಿಗೂ ಒಂದು ಸ್ಥಾನ ಬೇಡವೇ?

ಹಳೆಯ ಮೋಟಾರು ವಾಹನಗಳನ್ನು ಕೂಡಿಟ್ಟು, ದುರಸ್ತಿ ಮಾಡಿಸಿ, ಓಡುವಂತೆ ಕಾಪಾಡುವುದು ಹಣವಂತರ ಶೋಕಿ ಎಂಬ ಮಾತು ನಮ್ಮ ಬೆಳೆಗಾರರಲ್ಲಿ ಬಹುಕಾಲದಿಂದ ಇದೆ. ಧರ್ಮಸ್ಥಳಕ್ಕೆ ಹೋದವರು ಅಲ್ಲಿನ ಹಳೆಯ ಕಾರುಗಳ ಸಂಗ್ರಹವನ್ನು ಕಂಡು ಬೆರಗಾಗುತ್ತಾರೆ. ಡಾ. ವೀರೇಂದ್ರ ಹೆಗ್ಗಡೆಯವರ ಆಸಕ್ತಿಯಿಂದ ಬೆಳೆದ ಆ ಸಂಗ್ರಹ ನಾಡಿಗೇ ಹೆಮ್ಮೆ. ಆದರೆ ಕಾರಿಗೆ ಸಿಕ್ಕ ಈ ಮನ್ನಣೆ, ನಮ್ಮೆಲ್ಲರ ಹೊಟ್ಟೆಪಾಡಿಗಾಗಿ ದುಡಿದ ಲಾರಿಗೆ ಸಿಕ್ಕಿಲ್ಲ.

ಬಳ್ಳಾರಿ ಸೀಮೆಯನ್ನೇ ನೋಡಿ. ಅದು ಬಿಸಿಲ ನಾಡು, ನಮ್ಮ ಬೆಳೆಗಳ ನಾಡಲ್ಲ. ಆದರೂ ಸಿರುಗುಪ್ಪದ ಸೋನಾ ಮಸೂರಿ ಅಕ್ಕಿ ಮಲೆನಾಡಿಗರಿಗೆ ಹೊಸದೇನೂ ಅಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗೆ ಬಂದ ಮೇಲೆ ಸಿರುಗುಪ್ಪ, ಕುರುಗೋಡುಗಳ ಬಯಲಿನಲ್ಲಿ ಭತ್ತ ಹಬ್ಬಿತು. ಅದರ ಮರುವರ್ಷವೇ, 1954ರಲ್ಲಿ, ಟಾಟಾ ಕಂಪನಿ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ ಸೇರಿ ಲಾರಿ ತಯಾರಿಸತೊಡಗಿತು. ಉದ್ದ ಮೂತಿಯ, ನಕ್ಷತ್ರದ ಗುರುತಿನ ಆ ಬೆಂಜ್ ಲಾರಿಗಳು ಬಯಲಿನಲ್ಲಿ ಭತ್ತ, ಅದಿರು ಹೊತ್ತವು. ನಮ್ಮ ಕಡೆ ಘಾಟಿಯಲ್ಲಿ ಅಡಿಕೆ, ಕಾಫಿ ಮೂಟೆ ಹೊತ್ತವು. ಇಂದು ಅವು ಎಷ್ಟು ಉಳಿದಿವೆ? ದುಡಿದು ದಣಿದ ಮೇಲೆ ಗುಜರಿಯವನ ತಕ್ಕಡಿಗೆ ಹೋದವೇ ಹೆಚ್ಚು.

ಕೇಂದ್ರ ಸರ್ಕಾರ 2021ರ ಜುಲೈ ತಿಂಗಳಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿ ಕಲ್ಪಿಸಿತು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಪ್ರದರ್ಶನ, ರ್‍ಯಾಲಿ, ಸಂಶೋಧನೆ, ರಿಪೇರಿ, ಇಂಧನ ತುಂಬಿಸುವಿಕೆ ಇಷ್ಟಕ್ಕೆ ಮಾತ್ರ ರಸ್ತೆಗಿಳಿಸಬಹುದು. ಇದು ಸ್ವಾಗತಾರ್ಹವೇ. ಆದರೆ ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗಷ್ಟೇ ಈ ಸೌಲಭ್ಯ. ಬಾಡಿಗೆಗೆ ದುಡಿದ ಲಾರಿಗೆ ಎಡೆಯಿಲ್ಲ. ಹಳೆಯ ಲಾರಿ ಹೊಗೆ ಕಾರುತ್ತದೆ, ಅಪಾಯಕಾರಿ ಎಂದು ಕೆಲವರು ವಾದಿಸಬಹುದು. ಒಪ್ಪೋಣ. ಅದಕ್ಕೆ ಹೊರೆ ಹೇರಿರೆಂದು ನಾವು ಕೇಳುತ್ತಿಲ್ಲ. ಕಾರಿಗಿರುವ ನಿರ್ಬಂಧಗಳನ್ನೇ ಲಾರಿಗೂ ವಿಧಿಸಿ, ಉಳಿಸಿಕೊಳ್ಳಲು ಬಿಡಿ ಎಂಬುದಷ್ಟೇ ನಮ್ಮ ಬೇಡಿಕೆ. ಬಳ್ಳಾರಿಯ ಲಾರಿ ಮಾಲೀಕರೂ ನಮ್ಮ ಸಹಕಾರ ಸಂಘಗಳೂ ಕೂಡಿ ಈ ಬಗ್ಗೆ ಮನವಿ ಸಲ್ಲಿಸುವುದು ಒಳ್ಳೆಯದು.

ಸರ್ಕಾರ ಕಣ್ಣು ತೆರೆಯುವವರೆಗೆ ನಾವೂ ಸುಮ್ಮನಿರಬೇಕಾಗಿಲ್ಲ. ಬಳ್ಳಾರಿಯ ಒಣ ಹವೆಯಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯದು, ಆದರೆ ಬಿಸಿಲಿಗೆ ಟೈರು, ರಬ್ಬರು ಬಿರಿಯುತ್ತವೆ. ನಮ್ಮಲ್ಲಿ ಇದಕ್ಕೆ ತದ್ವಿರುದ್ಧ: ಮಳೆಗಾಲದ ತೇವ ಛಾಸಿಯನ್ನೇ ತಿನ್ನುತ್ತದೆ. ಟಾರ್ಪಾಲು ಬಿಗಿದು ಕಟ್ಟಿದರೆ ತೇವ ಒಳಗೇ ಉಳಿದು ಕೇಡು ಹೆಚ್ಚು; ಗಾಳಿಯಾಡುವ ಸೂರು ಬೇಕು. ಚಕ್ರದ ಮೇಲಿನ ಭಾರ ಇಳಿಯುವಂತೆ ಗಟ್ಟಿ ಆಧಾರ ಕೊಟ್ಟು ನಿಲ್ಲಿಸಿ. ವೈರು ಕಡಿಯುವ ಇಲಿಗಳ ಮೇಲೆ ಕಣ್ಣಿಡಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವುದರಿಂದ ಎರಡು ವರ್ಷಕ್ಕೊಮ್ಮೆ ಬದಲಿಸಿ. ಈಗಿನ ಪೆಟ್ರೋಲಿನಲ್ಲಿ 20% ಎಥನಾಲ್ ಇರುತ್ತದೆ. ಹಳೆಯ ರಬ್ಬರ್ ಪೈಪುಗಳು ಅದನ್ನು ತಾಳವು. ಅಂಥ ಪೈಪು ಬದಲಿಸಿ, ಟ್ಯಾಂಕಿನಲ್ಲಿ ಹಳೆಯ ಪೆಟ್ರೋಲು ತಿಂಗಳುಗಟ್ಟಲೆ ನಿಲ್ಲದಂತೆ ನೋಡಿಕೊಳ್ಳಿ.

ಇನ್ನೊಂದು ಎಚ್ಚರಿಕೆ. ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ನಮ್ಮಲ್ಲಿ ವಾಡಿಕೆ. ಮೂಲರೂಪ ಕೆಟ್ಟರೆ ವಿಂಟೇಜ್ ನೋಂದಣಿಗೆ ತೊಡಕು. ಕಿತ್ತ ಎಂಜಿನ್ನನ್ನು ಮಾರಬೇಡಿ, ಹಳೆಯ ಆರ್‌ಸಿ ಪುಸ್ತಕವನ್ನು ಕಳೆಯಬೇಡಿ.

ಹತ್ತು ವಾಹನ ತಂದು ಮಳೆಗೆ ಬಿಡುವುದಕ್ಕಿಂತ ಒಂದನ್ನು ಓಡುವ ಸ್ಥಿತಿಯಲ್ಲಿಡುವುದು ಮೇಲು. ಒಬ್ಬರಿಂದ ಆಗದಿದ್ದರೆ ಒಂದು ಸಂಘ ಒಂದು ಲಾರಿಯನ್ನು ತನ್ನ ಗೋದಾಮಿನ ಅಂಗಳದಲ್ಲಿ ಉಳಿಸಿಕೊಳ್ಳಲಿ. ಮೂಟೆ ಹೊತ್ತ ಬಂಡಿಯನ್ನು ಮುಂದಿನ ಮಕ್ಕಳು ಕಣ್ಣಾರೆ ಕಾಣಲಿ. ಗುಜರಿಯವನಿಗೆ ಕರೆ ಕಳುಹಿಸುವ ಮುನ್ನ ಸದಸ್ಯರು ಈ ಮಾತನ್ನು ಯೋಚಿಸಬೇಕೆಂದು ನಮ್ಮ ಕೋರಿಕೆ.